ಮುಕ್ಕಾಲು ಸುತ್ತು

ಹಗಲಿಡೀ ಟ್ರಿಯೆಸ್ತೆ ಬಂದರಿನ ಗೋದಾಮಿನಲ್ಲಿ
ಕಾಫಿಚೀಲ ತೂಗುವವಳು ನಾನು.
ತೂಕದ ಮೇಲೆ ನನಗೇನೂ ಹಗೆಯಿಲ್ಲ.
ಅರವತ್ತು ಕಿಲೋ ಅಂದರೆ ಅರವತ್ತು,
ಮುಳ್ಳು ಸುಳ್ಳಾಡುವುದಿಲ್ಲ, ನಾನೂ.

ಆರಕ್ಕೆ ಬೂಟು ಬಿಚ್ಚಿ ಚಕ್ರ ಕಟ್ಟುತ್ತೇನೆ.
ಬಾರ್ಕೊಲಾದ ಕಡಲದಂಡೆ; ಈಜುಡುಗೆಯ ಅಜ್ಜಿಯರು
ಇಸ್ಪೀಟು ಹಿಡಿದು ಜಗಳ ಕಾಯುವ ಜಾಗ.
ಇಪ್ಪತ್ತು ಕೋನು. ಎಂಬತ್ತು ಸೆಂಟಿಮೀಟರಿಗೊಂದರಂತೆ
ಟೇಪು ಎಳೆದು ಇಡುತ್ತಿದ್ದ ಕಾಲವಿತ್ತು;
ಈಗ ಮೂರೂವರೆ ಗೇಣು, ಕಣ್ಣಂದಾಜು.
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ಕುಣಿಯಬಲ್ಲವಳೇ ಹೇಳುತ್ತೇನೆ ಕೇಳಿ:
ಇಲ್ಲಿ ನೆಲ ಡೊಂಕೇ.
ಸಮುದ್ರದ ಕಡೆಗೆ ಒಂದು ಬೆರಳು ಇಳಿಜಾರು,
ಕೈಬಿಟ್ಟ ಚೆಂಡು ನೀರಿಗೇ ಹೋಗುತ್ತದೆ.

ನನ್ನ ಎಡಗಾಲ ಹರಡಿನಲ್ಲಿ ಎರಡು ತಿರುಪುಮೊಳೆ.
ಹದಿನಾಲ್ಕರಲ್ಲಿ ಬಿದ್ದದ್ದು; ಮೂಳೆ ಕೂಡಿತು,
ಲೋಹ ಒಳಗೇ ಉಳಿಯಿತು.
ಒಂಟಿ ಚಕ್ರದ ಮೇಲೆ ಕೋನಿನಿಂದ ಕೋನಿಗೆ ತಿರುಗುವಾಗ
ಮುಕ್ಕಾಲು ಸುತ್ತಿಗೆ ಒಮ್ಮೆ ತಡವರಿಸುತ್ತೇನೆ,
ಉಗುಳು ನುಂಗಿದಷ್ಟು ಹೊತ್ತು.
ಆಮೇಲೆ ಸುತ್ತು ತನ್ನ ಪಾಡಿಗೆ ಪೂರ್ತಿ.
ಮಬ್ಬುಗತ್ತಲಲ್ಲೂ ಅಜ್ಜಿಯರು ಎಲೆ ಮಡಚಿ
'ಅಗೋ, ಗುಟುಕಿನವಳು ಬಂದಳು' ಅನ್ನುತ್ತಾರೆ.

ತೀರ್ಪುಗಾರರು ಅದನ್ನೇ 'ಸಮತೋಲದ ಕೊರತೆ' ಎಂದು ಬರೆದರು.
ಬರೆದದ್ದು ತಪ್ಪಲ್ಲ. ಮೂರು ಸಾಲು, ಎರಡು ನಿಮಿಷ,
ಉರುಳಿದ ಕೋನಿಗೆ ದಂಡ: ಅವರದೂ ತಕ್ಕಡಿಯೇ.
ಮೂರು ವರ್ಷ ಆ ಒಂದು ಗುಟುಕನ್ನು ಅಳಿಸಲು
ದೀಪಕಂಬದ ಕೆಳಗೆ ತಿರುಗಿದೆ, ತಿರುಗಿದೆ,
ಅಳಿಸಿದೆ ಕೂಡ.
ವಿಡಿಯೋ ಹಾಕಿ ನೋಡಿದರೆ ಯಾರೋ ಒಬ್ಬಳು
ತುಂಬ ಚೆನ್ನಾಗಿ ಸ್ಕೇಟು ಮಾಡುತ್ತಿದ್ದಳು.
ಆರನೆಯ ಸ್ಥಾನ. ಹೂವೂ ಕೊಟ್ಟರು.
ಹೂ ಹಿಡಿದೇ ರೈಲಿನಲ್ಲಿ ನಿದ್ದೆಹೋಗಿ
ಇಳಿಯಬೇಕಾದ ಊರು ದಾಟಿಬಿಟ್ಟೆ.

ಯಾಸ್ನಾ ಬಂದದ್ದು ಹೋದ ಬೇಸಿಗೆ.
ಮೀನು ಸುಡುವ ಗೂಡಂಗಡಿಯವನ ಮಗಳು, ಹನ್ನೊಂದು ವರ್ಷ,
ಮಂಡಿ ತುಂಬ ಹಕ್ಕಳೆ.
ಕಲಿಸು ಎಂದು ಕೇಳಲಿಲ್ಲ, ಬಾಲದಂತೆ ಹಿಂದೆ ಬಂದಳು.
ಒಂದು ಸಂಜೆ ನೋಡುತ್ತೇನೆ, ಮುಕ್ಕಾಲು ಸುತ್ತಿಗೆ
ಈ ಹುಡುಗಿ ಉಗುಳು ನುಂಗುತ್ತಿದ್ದಾಳೆ!
ಗಟ್ಟಿ ಹರಡು. ಮೊಳೆಯಿಲ್ಲ, ಮುರಿತವಿಲ್ಲ.
'ಅದು ತಪ್ಪು ಕಣೇ' ಅಂದೆ.
'ಹೋಗಿ, ಅಲ್ಲೇ ಚೆಂದ ಇರೋದು' ಅಂದಳು.

ಮಾರ್ಚಿನಲ್ಲಿ ಲುಬ್ಲಿಯಾನಾ. ಸೂರಿರುವ ಕ್ರೀಡಾಂಗಣ,
ನೆಲ ಕನ್ನಡಿ, ಎಳ್ಳಷ್ಟೂ ಡೊಂಕಿಲ್ಲ.
ಎರಡನೆಯ ಸಾಲು, ಹನ್ನೊಂದನೆಯ ಕೋನು:
ಅವಳು ತಡೆದಳು.
ಇಡೀ ಗ್ಯಾಲರಿ ಉಗುಳು ನುಂಗಿತು.
ಅಂಕಪಟ್ಟಿಯಲ್ಲಿ 'ಸ್ವಂತ ಶೈಲಿ', ಹತ್ತಕ್ಕೆ ಒಂಬತ್ತು.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ನಾನೇ.
ಒಳಗೆ ಮಾತ್ರ ತಟ್ಟೆಯೊಂದು ಕೆಳಗೆ ಜಗ್ಗಿತು;
ಏನಿಟ್ಟರೆ ಸಮವಾದೀತು, ತಿಳಿಯಲಿಲ್ಲ.
ಅವಳೋ ಕಡೆಯ ಸಾಲಿನಲ್ಲಿ ಒಂದು ಕೋನು ಉರುಳಿಸಿದೆನೆಂದು
ಮೂಗು ಸುರಿಸುತ್ತ ನನ್ನ ತೋಳಿಗೇ ಒರೆಸಿದಳು.

ನಿನ್ನೆ ಬೋರಾ ಬೀಸಿತು.
ಗುಡ್ಡದಿಂದಿಳಿದ ಗಾಳಿಗೆ ಇಸ್ಪೀಟೆಲೆ, ಯಾರದೋ ಟೋಪಿ,
ಹದಿನಾರು ಕೋನು ಸಮುದ್ರದ ಪಾಲು.
ಉಳಿದ ನಾಲ್ಕನ್ನು ಹೊಟ್ಟೆಯಡಿ ಅವುಚಿ
ಯಾಸ್ನಾ ಬೋರಲು ಬಿದ್ದು ಕಿರುಚುತ್ತಿದ್ದಳು:
'ಇವನ್ನ ಬಿಡಲ್ಲ! ನೀವು ಸಾಲು ಮುಗಿಸಿ!'

ಇಲ್ಲದ ಕೋನುಗಳ ನಡುವೆ ಹೊರಟೆ.
ಮುಕ್ಕಾಲು ಸುತ್ತು ಬಂದಾಗ ಜೀವಮಾನದಲ್ಲೇ ಮೊದಲು
ತಡೆಯಲೋ, ಬೇಡವೋ ಎಂದು ಯೋಚಿಸಿದೆ:
ಇದು ನನ್ನದೋ, ಅವಳದೋ, ಮೊಳೆಯದೋ.
ಗಾಳಿ ಬೆನ್ನು ನೂಕುತ್ತಿತ್ತು.
ಉಳಿದ ಕಾಲು ಸುತ್ತನ್ನು
ಕಾಲೇ ನೋಡಿಕೊಂಡಿತು.